ಊರ ಹೆಸರೇ ಊಟದ ಹೆಸರು

ಫ್ರಾನ್ಸಿಗೆ ಹೋಗಿಬಂದವನನ್ನು ನಮ್ಮವರು ಮೊದಲು ಕೇಳುವುದು ಐಫೆಲ್ ಗೋಪುರದ ವಿಚಾರ. ಆದರೆ ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಪ್ಯಾರಿಸ್ಸಿಗೆ ಹೋದವನಿಗೆ ಗೋಪುರ ಸಿಕ್ಕುತ್ತದೆಯೇ ಹೊರತು ಪ್ಯಾರಿಸ್ಸಿನವನು ಸಿಕ್ಕುವುದು ದುರ್ಲಭ. ಆತ ಹೆಂಡತಿ ಮಕ್ಕಳೊಡನೆ ಎಂದೋ ಊರು ಬಿಟ್ಟಿರುತ್ತಾನೆ. 1936ರಲ್ಲಿ ಅಲ್ಲಿಯ ಸರಕಾರವು ದುಡಿಯುವವರಿಗೆಲ್ಲ ವರ್ಷಕ್ಕೆ ಎರಡು ವಾರಗಳ ಸಂಬಳಸಹಿತ ರಜೆಯನ್ನು ಕಾನೂನಿನ ಮೂಲಕ ಕೊಟ್ಟಿತು. ಅದು 1956ರಲ್ಲಿ ಮೂರು ವಾರವಾಯಿತು, 1969ರಲ್ಲಿ ನಾಲ್ಕು, 1982ರಲ್ಲಿ ಐದು. ಹೀಗೆ ರಜೆಯೆಂಬುದು ಶ್ರೀಮಂತರ ಸೊತ್ತಾಗಿ ಉಳಿಯದೆ ಕಾರ್ಖಾನೆಯ ಕೂಲಿಗಾರನ ಹಕ್ಕಾಗಿ ಪರಿಣಮಿಸಿತು. ರಜೆ ಸಿಕ್ಕವರಲ್ಲಿ ಹಲವರು ಕಡಲತೀರಕ್ಕೆ ಓಡುತ್ತಾರೆ. ಇನ್ನು ಹಲವರು ಅಜ್ಜ ಅಜ್ಜಿಯರು ಬಿಟ್ಟುಹೋದ ಹಳ್ಳಿಯ ಮನೆಯ ಬೀಗ ತೆಗೆಯಲು ಹೊರಡುತ್ತಾರೆ. ಈ ಎರಡನೆಯ ಗುಂಪಿನವರ ಹಿಂದೆ ಹೋದರೆ ಕಾಣುವ ಫ್ರಾನ್ಸಿನ ವಿಷಯವನ್ನು ಈ ವಾರ ವಾಚಕರ ಮುಂದಿಡಬೇಕೆಂದಿದ್ದೇನೆ.

ನಮಗೆ ಈ ಅವಕಾಶ ಒದಗಿದ್ದು ನನ್ನ ಸೋದರಳಿಯನಿಂದ. ದಕ್ಷಿಣ ಫ್ರಾನ್ಸಿನ ತುಲೂಸ್ ನಗರವು ವಿಮಾನಗಳ ನಿರ್ಮಾಣಕ್ಕೆ ಹೆಸರಾದದ್ದು. ಅಲ್ಲಿ ಇಂಜಿನಿಯರುಗಳಾಗಿರುವ ಕನ್ನಡಿಗರಲ್ಲಿ ಇವನೂ ಒಬ್ಬ. ಎರಡು ವಾರಗಳ ರಜೆ ಪಡೆದು, ನನ್ನನ್ನೂ ನನ್ನ ಮನೆಯಾಕೆಯನ್ನೂ ಸಣ್ಣದೊಂದು ಕಾರಿನಲ್ಲಿ ಕೂರಿಸಿಕೊಂಡು, ಉತ್ತರಕ್ಕೆ ಕೊರೇಜ್ ಸೀಮೆಯವರೆಗೆ ಹೋಗಿ, ಅಲ್ಲಿಂದ ಪೂರ್ವಕ್ಕೆ ತಿರುಗಿ ಅವೆರೋನ್ ಸೀಮೆಯ ಎತ್ತರದ ಬಯಲುಗಳನ್ನು ತೋರಿಸಿಕೊಂಡು ಬಂದ. ಹೆದ್ದಾರಿಗಳನ್ನು ಆದಷ್ಟು ತಪ್ಪಿಸುವುದೆಂದು ಮೊದಲೇ ನಿಶ್ಚಯವಾಗಿತ್ತು. ಫ್ರಾನ್ಸಿನಲ್ಲಿ ಸ್ವಂತ ಮೇಯರನಿರುವ ಊರುಗಳು ಸುಮಾರು 35,000. ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವುಗಳಲ್ಲಿ ಐನೂರು ಜನರೂ ಇಲ್ಲ. ಇನ್ನೂರು ಜನರ ಹಳ್ಳಿಗೂ ಒಬ್ಬ ಮೇಯರ್, ಒಂದು ಕಛೇರಿ, ಅದರ ಮೇಲೊಂದು ಬಾವುಟ!

ಹೊರಟ ದಿನವೇ ಅಳಿಯ ಎಚ್ಚರಿಕೆ ಕೊಟ್ಟ. "ಮಾವ, ಇಲ್ಲಿ ಊಟವೆಂದರೆ ಹನ್ನೆರಡರಿಂದ ಎರಡು. ಎರಡು ಹೊಡೆದ ಮೇಲೆ ಹಳ್ಳಿಯಲ್ಲಿ ರಾಜನೇ ಬಂದರೂ ಒಲೆ ಹಚ್ಚುವುದಿಲ್ಲ." ಅವನ ಮಾತಿನಲ್ಲಿ ಅತಿಶಯೋಕ್ತಿಯಿರಲಿಲ್ಲ. ಮಧ್ಯಾಹ್ನ ಹನ್ನೆರಡಕ್ಕೆ ಅಂಗಡಿಗಳ ಬಾಗಿಲು ಒಂದೊಂದಾಗಿ ಎಳೆಯಲ್ಪಡುತ್ತವೆ. ಬೀದಿಯಲ್ಲಿ ಬೆಕ್ಕೊಂದನ್ನುಳಿದು ಯಾರೂ ಕಾಣರು. ತೆರೆದ ಕಿಟಕಿಗಳಿಂದ ತಟ್ಟೆ ಚಮಚಗಳ ಸಪ್ಪಳ ಮಾತ್ರ ಕೇಳಿಬರುತ್ತದೆ. ಇನ್ನೊಂದು ನಿಯಮವನ್ನು ಆತ ನಮ್ಮಿಬ್ಬರಿಂದಲೂ ಪಾಠದಂತೆ ಒಪ್ಪಿಸಿಕೊಂಡ. ಅಂಗಡಿಯೊಳಗೆ ಕಾಲಿಟ್ಟೊಡನೆ ‘ಬೋಂಝೂರ್’ ಎನ್ನಬೇಕು. ನಮಸ್ಕಾರ ಹೇಳದೆ ನೇರವಾಗಿ ಬೆಲೆ ಕೇಳಿದವನನ್ನು ಅಂಗಡಿಯ ಗೃಹಿಣಿ ಕಣ್ಣೆತ್ತಿಯೂ ನೋಡಳು. ಫ್ರೆಂಚರು ಒರಟರೆಂದು ಹೇಳಿಕೊಂಡು ತಿರುಗುವ ಪ್ರವಾಸಿಗರಲ್ಲಿ ಈ ಒಂದು ಶಬ್ದವನ್ನು ಖರ್ಚು ಮಾಡಲು ಜಿಪುಣತನ ತೋರಿದವರೇ ಹೆಚ್ಚಿರಬೇಕು.

ಬ್ರೆಡ್ಡಿನ ವಿಷಯ ಹೇಳದೆ ಮುಂದೆ ಹೋಗಲಾಗದು. ಬೆಳಗ್ಗೆ ಏಳಕ್ಕೆ ಬೇಕರಿಯ ಮುಂದೆ ಸಾಲು. ಮೊಳದುದ್ದದ ಬಗೆಟನ್ನು ಕಂಕುಳಲ್ಲಿ ಇರುಕಿಕೊಂಡು ಹೊರಟವನು ಮನೆ ಸೇರುವಷ್ಟರಲ್ಲಿ ಅದರ ತುದಿ ಮುರಿದು ತಿಂದಿರುತ್ತಾನೆ. ಹಳ್ಳಿಯ ಮನೆಗಳಲ್ಲಿ ಬ್ರೆಡ್ಡಿಗೆ ಬೇರೆ ತಟ್ಟೆಯಿಲ್ಲ, ಮೇಜಿನ ಬಟ್ಟೆಯ ಮೇಲೇ ಇಡುವುದು. 1993ರ ಸರಕಾರಿ ಆಜ್ಞೆಯೊಂದರ ಪ್ರಕಾರ ‘ಫ್ರೆಂಚ್ ಸಂಪ್ರದಾಯದ ಬ್ರೆಡ್ಡು’ ಎಂದು ಕರೆಸಿಕೊಳ್ಳಬೇಕಾದರೆ ಕೃತಕ ದ್ರವ್ಯಗಳಾವುವನ್ನೂ ಸೇರಿಸಕೂಡದು, ಹಿಟ್ಟನ್ನು ಶೈತ್ಯಯಂತ್ರದಲ್ಲಿ ಹೆಪ್ಪುಗಟ್ಟಿಸಿ ಇಡಕೂಡದು. ಹಿಟ್ಟು, ನೀರು, ಉಪ್ಪು, ಹುದುಗು – ಮುಖ್ಯವಾಗಿ ಇವಿಷ್ಟೇ. 2022ರಲ್ಲಿ ಬಗೆಟ್ ಮಾಡುವ ಕಸಬು ಯುನೆಸ್ಕೋ ಸಂಸ್ಥೆಯ ಪರಂಪರೆಯ ಪಟ್ಟಿಯನ್ನೂ ಸೇರಿತು.

ಕೊರೇಜ್ ಸೀಮೆಯ ಕೊಲೋಂಜ್-ಲಾ-ರೂಜ್ ಎಂಬ ಹಳ್ಳಿಯನ್ನು ದೂರದಿಂದ ಕಂಡವರು ಅಲ್ಲೇನೋ ಬೆಂಕಿ ಬಿದ್ದಿದೆಯೆಂದು ಭ್ರಮಿಸಿಯಾರು. ಮನೆ, ಇಗರ್ಜಿ, ಗೋಪುರ, ಅಂಗಳದ ಗೋಡೆ, ಎಲ್ಲವೂ ಒಂದೇ ಕಡುಗೆಂಪು ಮರಳುಗಲ್ಲಿನವು. ಕಲ್ಲಿನಲ್ಲಿರುವ ಕಬ್ಬಿಣದ ಅಂಶದಿಂದ ಆ ಬಣ್ಣ. ಈ ಊರಿನ ಮೇಯರನಾಗಿದ್ದ ಷಾರ್ಲ್ ಸೇರಾಕ್ ಎಂಬಾತ 1982ರಲ್ಲಿ ‘ಫ್ರಾನ್ಸಿನ ಅತಿ ಸುಂದರ ಹಳ್ಳಿಗಳು’ ಎಂಬ ಸಂಘವನ್ನು ಕಟ್ಟಿದ. ಜನಸಂಖ್ಯೆ ಎರಡು ಸಾವಿರ ಮೀರಿರಬಾರದು, ಸಂರಕ್ಷಿತ ಸ್ಮಾರಕಗಳಾಗಲಿ ಸ್ಥಳಗಳಾಗಲಿ ಎರಡಾದರೂ ಇರಬೇಕು ಎಂಬುವು ಅದರ ಷರತ್ತುಗಳಲ್ಲಿ ಮುಖ್ಯವಾದವು. ಈತನ ಅಣ್ಣ ಪಿಯೇರ್ ಸೇರಾಕ್ ಜೆಸ್ವಿಟ್ ಪಾದ್ರಿಯಾಗಿ 1937ರಲ್ಲಿ ನಮ್ಮ ದಕ್ಷಿಣ ಭಾರತಕ್ಕೆ ಬಂದು, ಸಂಸ್ಕೃತ ತಮಿಳುಗಳನ್ನು ಕಲಿತು, ಬಡಮಕ್ಕಳ ಸೇವೆಯಲ್ಲಿ ಜೀವ ಸವೆಸಿ, 2012ರಲ್ಲಿ ಚೆನ್ನೈಯಲ್ಲೇ ಕಣ್ಣುಮುಚ್ಚಿದವರು. ಒಬ್ಬ ತಮ್ಮ ಹಳ್ಳಿಗಳನ್ನು ಉಳಿಸಲು ನಿಂತ, ಒಬ್ಬ ಅಣ್ಣ ಅದೇ ಸೀಮೆಯಿಂದ ಮದರಾಸಿಗೆ ನಡೆದ.

ಸಂಘದಿಂದ ಊರುಗಳಿಗೆ ಉಪಕಾರವಾದದ್ದು ನಿಜ. ಬೀಳುತ್ತಿದ್ದ ಗೋಡೆಗಳು ಎದ್ದು ನಿಂತವು. ಆದರೂ ಒಂದು ಮಾತು ಹೇಳಬೇಕು. ಕೊಲೋಂಜಿನ ಬೀದಿಯಲ್ಲಿ ಜುಲೈ ತಿಂಗಳಲ್ಲಿ ಹೆಗಲಿಗೆ ಹೆಗಲು ತಾಗುತ್ತದೆ. ಅಕ್ರೋಟಿನ ಎಣ್ಣೆ, ಅಕ್ರೋಟಿನ ಕೇಕು, ದ್ರಾಕ್ಷಿರಸ ಬೆರೆಸಿದ ನೇರಳೆ ಬಣ್ಣದ ಸಾಸಿವೆ, ಇವುಗಳ ಅಂಗಡಿಗಳು ಸಾಲಾಗಿವೆ. ಮನೆಗಳ ಮೇಲ್ಮಾಳಿಗೆಯನ್ನು ನೋಡಿದರೆ ಅನೇಕ ಕಿಟಕಿಗಳು ಹಗಲಿನಲ್ಲೂ ಮುಚ್ಚಿವೆ. ನಮಗೆ ಹೆಚ್ಚು ಹಿಡಿಸಿದ್ದು ಯಾವ ಪಟ್ಟಿಯಲ್ಲೂ ಸೇರದ ನೆರೆಯ ಊರುಗಳು. ಬೇಸಗೆಯಲ್ಲಿ ಅಲ್ಲಿ ವಾರಕ್ಕೊಂದು ಸಂಜೆ ರೈತರೇ ಸಂತೆ ನಡೆಸುತ್ತಾರೆ. ಊರ ಚೌಕದಲ್ಲಿ ಉದ್ದುದ್ದ ಹಲಗೆಯ ಮೇಜುಗಳು. ಜನ ಮನೆಯಿಂದ ತಟ್ಟೆ, ಲೋಟ, ಚಾಕು ತಂದು, ರೈತನ ಬಳಿ ತಿನಿಸು ಕೊಂಡು, ಪರಿಚಯವಿಲ್ಲದವರ ಪಕ್ಕದಲ್ಲೇ ಕುಳಿತು ರಾತ್ರಿ ಹತ್ತರವರೆಗೆ ಊಟ ಮಾಡುತ್ತಾರೆ. ಬೇಸಗೆಯಲ್ಲಿ ಅಲ್ಲಿ ಕತ್ತಲಾಗುವುದೂ ಆ ಹೊತ್ತಿಗೇ.

ನಮ್ಮ ಮನೆಯಾಕೆ ಮಾಂಸ ಮುಟ್ಟುವವಳಲ್ಲ, ನಾನೂ ಅಲ್ಲ. ಇದು ಬಾತು, ಹೆಬ್ಬಾತು, ಹಂದಿಗಳ ಸೀಮೆ. ಒಂದು ಊರಿನ ಭೋಜನಶಾಲೆಯಲ್ಲಿ ನಮ್ಮ ನಿಯಮವನ್ನು ಅಳಿಯ ಸವಿಸ್ತಾರವಾಗಿ ವಿವರಿಸಿದ. ಯಜಮಾನಿತಿ ತಾಯಿಯ ಕರುಣೆಯಿಂದ ತಲೆಯಾಡಿಸಿ ಹಸಿರು ಸೊಪ್ಪಿನ ತಟ್ಟೆಯೊಂದನ್ನು ತಂದಿಟ್ಟಳು. ಸೊಪ್ಪಿನ ಮೇಲೆ ಹಂದಿಮಾಂಸದ ಸಣ್ಣ ತುಣುಕುಗಳು! "ಇದು ಮಾಂಸವಲ್ಲ, ರುಚಿಗೆ ಮಾತ್ರ" ಎಂದು ಆಕೆಯ ಸಮಾಧಾನ. ಅಂದಿನಿಂದ ಸಂತೆಯ ಟೊಮೇಟೊ, ಏಪ್ರಿಕಾಟ್, ಬ್ರೆಡ್ಡು, ಬೆಣ್ಣೆಗಳನ್ನು ಬುಟ್ಟಿಯಲ್ಲಿಟ್ಟು ಮರದ ನೆರಳಲ್ಲಿ ಊಟ ಮಾಡುವ ಪದ್ಧತಿಯನ್ನು ನಾವು ಸ್ವೀಕರಿಸಿದೆವು. ಇಡೀ ಪ್ರವಾಸದ ಉತ್ತಮ ಭೋಜನಗಳಲ್ಲಿ ಅವೂ ಸೇರಿದ್ದವು.

ಇನ್ನು ಚೀಸು. ಇದಕ್ಕೆ ಕೆಲವರು ‘ಗಿಣ್ಣು’ ಎಂದು ಕನ್ನಡ ಮಾಡುವುದುಂಟು. ಈದ ಹಸುವಿನ ಮೊದಲ ಹಾಲಿನ ಗಿಣ್ಣು ತಿಂದ ಯಾರೂ ಇದನ್ನು ಒಪ್ಪಲಾರರು. ಶುದ್ಧ ಸಸ್ಯಾಹಾರಿಗಳು ತಿಳಿದಿರಬೇಕಾದ ಸಂಗತಿಯೊಂದಿದೆ. ಅಲ್ಲಿಯ ಹಳೆಯ ಚೀಸುಗಳಲ್ಲಿ ಹೆಚ್ಚಿನವಕ್ಕೆ ಹಾಲನ್ನು ಒಡೆಯಲು ಬಳಸುವುದು ಎಳೆಗರುವಿನ ಅಥವಾ ಕುರಿಮರಿಯ ಜಠರದಿಂದ ತೆಗೆದ ಹೆಪ್ಪನ್ನು. ಇದನ್ನು ತಿಳಿದ ಮೇಲೆ ಮನೆಯಾಕೆ ಬೆಣ್ಣೆ ಬ್ರೆಡ್ಡಿಗೇ ನಿಂತಳು. ನಾನು ತಿಂದೆ. ಆ ವಿಷಯದಲ್ಲಿ ಮನೆಯಲ್ಲಿ ಇನ್ನೂ ವಾದ ನಡೆದಿದೆ.

ಬಂಡೆಗೆ ಅಂಟಿಕೊಂಡ ರೊಕಮದೂರ್ ಯಾತ್ರಾಸ್ಥಳದ ಹೆಸರು ಹೊತ್ತ ಮೇಕೆಹಾಲಿನ ಚೀಸು ಬಿಲ್ಲೆಯೊಂದಕ್ಕೆ 35 ಗ್ರಾಂ ತೂಕ, ಬಾಯಲ್ಲಿಟ್ಟರೆ ಕರಗುತ್ತದೆ. ಅಲ್ಲಿಂದ ಪೂರ್ವಕ್ಕೆ ಚೆಸ್ಟ್‌ನಟ್ ಕಾಡುಗಳು. ಗೋಧಿ ಬೆಳೆಯದ ಆ ಗುಡ್ಡಗಳಲ್ಲಿ ಬಡವರು ಶತಮಾನಗಳ ಕಾಲ ಈ ಕಾಯಿಯನ್ನೇ ಹೊಗೆಯಲ್ಲಿ ಒಣಗಿಸಿ ಚಳಿಗಾಲ ಕಳೆದರು. ಮರವನ್ನು ‘ಬ್ರೆಡ್ಡಿನ ಮರ’ವೆಂದೇ ಕರೆದರು. ಕೊಂಕ್ ಊರಿನ ಸಂತ ಫುವಾ ದೇವಾಲಯದ ಬಾಗಿಲ ಮೇಲೆ ಕಡೆಯ ತೀರ್ಪಿನ ದೃಶ್ಯ 124 ಆಕೃತಿಗಳಲ್ಲಿ ಕೆತ್ತಲ್ಪಟ್ಟಿದೆ. ಕಿಟಕಿಗಳ ಗಾಜು, ಆ ಸೀಮೆಯವನೇ ಆದ ಚಿತ್ರಕಾರ ಪಿಯೇರ್ ಸೂಲಾಜ್‌ನ ಕೃತಿ, 1994ರದು. ಬಣ್ಣವೇ ಇಲ್ಲದ ಗಾಜು, ಹೊತ್ತಿಗೊಂದು ಬೆಳಕು.

ಕೊಂಕ್ ಬಿಟ್ಟು ಏರುತ್ತ ಹೋದರೆ ಮರಗಳು ಮುಗಿದು ಒಬ್ರಾಕ್ ಎಂಬ ಎತ್ತರದ ಹುಲ್ಲುಗಾವಲು ತೆರೆದುಕೊಳ್ಳುತ್ತದೆ. ಕಣ್ಣಿಗೆ ಕಾಡಿಗೆ ಹಚ್ಚಿದಂತಿರುವ ಕಂದು ಹಸುಗಳು, ಕಪ್ಪು ಕಲ್ಲಿನ ಗೋಡೆಗಳು, ಗಾಳಿ. ಪ್ರತಿವರ್ಷ ಮೇ 25ರ ಸುಮಾರಿಗೆ ಕೆಳಗಿನ ಹಳ್ಳಿಗಳ ದನಗಳು ಹೂವು, ಗಂಟೆ, ಬಾವುಟಗಳನ್ನು ಧರಿಸಿ ಇಲ್ಲಿಗೆ ಏರಿಬರುತ್ತವೆ, ಅಕ್ಟೋಬರ್ 13ರ ವೇಳೆಗೆ ಇಳಿಯುತ್ತವೆ. ಹಿಂದೆ ಈ 142 ದಿನಗಳ ಕಾಲ ಗಂಡಸರು ಕೆಲವರು ‘ಬ್ಯುರೋನ್’ ಎಂಬ ಒಂಟಿ ಕಲ್ಲುಮನೆಯಲ್ಲಿದ್ದು ಚೀಸು ಮಾಡುತ್ತಿದ್ದರು. ಹಿರಿಯನೊಬ್ಬ ಚೀಸಿಗೆ, ಒಬ್ಬ ದನಕ್ಕೆ, ಒಬ್ಬ ಕರುಗಳಿಗೆ, ಜತೆಗೊಬ್ಬ ಚಾಕರಿಯ ಹುಡುಗ. ಒಬ್ರಾಕಿನ ಹಸು ತನ್ನ ಕರುವನ್ನು ಕಾಣದೆ ಹಾಲಿಳಿಸದು. ಮೊದಲು ಕರುವನ್ನು ಬಿಟ್ಟು, ನಾಲ್ಕು ಗುಟುಕು ಕುಡಿಸಿ, ಅಮ್ಮನ ಮುಂಗಾಲಿಗೆ ಕಟ್ಟಿ ಹಿಂಡಬೇಕು. ಇದನ್ನು ಕೇಳಿ ಮನೆಯಾಕೆ, "ಇದಕ್ಕೇನು ಫ್ರಾನ್ಸಿಗೆ ಬರಬೇಕಾಗಿತ್ತೆ, ನಮ್ಮ ತವರಿನ ಕೊಟ್ಟಿಗೆಯಲ್ಲೇ ಇತ್ತಲ್ಲ" ಎಂದಳು.

ಈ ಸೀಮೆಯ ಪೇಟೆ ಲಾಯೋಲ್. ಬರೆಯುವುದು ಲಾಗಿಯೋಲ್ ಎಂಬಂತೆ, ಹೇಳುವುದು ಲಾಯೋಲ್. ಅಲ್ಲಿಯ ಅಡಿಗೆ ‘ಅಲಿಗೊ’. ಬೇಯಿಸಿ ನುರಿದ ಆಲೂಗಡ್ಡೆಗೆ ಬೆಣ್ಣೆ, ಕೆನೆ, ಬೆಳ್ಳುಳ್ಳಿ ಸೇರಿಸಿ, ಉಪ್ಪು ಹಾಕದ ಹಸಿ ಚೀಸನ್ನು ಹೆರೆದು ಹಾಕಿ, ಮರದ ಸೌಟಿನಿಂದ ಬಲವಾಗಿ ತೊಳಸಬೇಕು. ಮುದ್ದೆ ತೊಳಸಿದ ಕೈಗೆ ಈ ಶ್ರಮ ಹೊಸದಲ್ಲ. ಹದ ಬಂದಾಗ ಸೌಟನ್ನೆತ್ತಿದರೆ ಎಳೆ ತುಂಡಾಗದೆ ಒಂದು ಗಜದ ತನಕ ಏಳುತ್ತದೆ. ಬಡಿಸುವವನು ಕತ್ತರಿಯಿಂದಲೇ ಕತ್ತರಿಸಿದ! ಯಾತ್ರಿಕರಿಗೆಂದು ಒಬ್ರಾಕಿನ ಸನ್ಯಾಸಿಗಳು ಮಾಡುತ್ತಿದ್ದ ಬ್ರೆಡ್ಡಿನ ಗಂಜಿಯಿಂದ ಇದು ಬಂದಿತೆಂದು ಐತಿಹ್ಯ. ಆಲೂಗಡ್ಡೆ ಬಂದದ್ದು ಬಹಳ ಈಚೆಗೆ.

ಈ ಚೀಸು ಸತ್ತೇಹೋಗಬೇಕಾಗಿತ್ತು. ಬೆಟ್ಟದ ಮೇಲೆ ಐದು ತಿಂಗಳು ಒಂಟಿಯಾಗಿರಲು ಯುವಕರು ಒಲ್ಲದಾದರು, ಬ್ಯುರೋನುಗಳು ಒಂದೊಂದಾಗಿ ಮುಚ್ಚಿದವು. ಆಗ, 1960ರಲ್ಲಿ, ಆಂದ್ರೆ ವಲಾದಿಯೇ ಮೊದಲಾದ ತರುಣ ರೈತರು ಕೂಡಿ ಸಹಕಾರಿ ಸಂಘವೊಂದನ್ನು ಸ್ಥಾಪಿಸಿದರು. ಮರುವರ್ಷವೇ ಲಾಯೋಲ್ ಚೀಸಿನ ಹೆಸರಿಗೆ ಕಾನೂನಿನ ರಕ್ಷಣೆ ದೊರೆಯಿತು. ಚೀಸು ಬೆಟ್ಟದಿಂದ ಪೇಟೆಗೆ ಇಳಿಯಿತು, ಆದರೆ ಬದುಕಿತು. ಅದೇ ಊರಿನ ಚಾಕುವಿನ ಕಥೆ ಬೇರೆ. ಹತ್ತೊಂಬತ್ತನೆಯ ಶತಮಾನದಿಂದ ಹೆಸರಾದ ಲಾಯೋಲ್ ಮಡಿಕೆಚಾಕುವಿಗೆ ಅಂಥ ರಕ್ಷಣೆಯಿರಲಿಲ್ಲ. ಹೊರಗಿನವನೊಬ್ಬ 1993ರಲ್ಲಿ ಊರ ಹೆಸರನ್ನು ತನ್ನ ವ್ಯಾಪಾರಮುದ್ರೆಯಾಗಿ ನೋಂದಾಯಿಸಿಕೊಂಡು, ಎಲ್ಲೆಲ್ಲೋ ತಯಾರಾದ ಸಾಮಾನುಗಳಿಗೆ ಆ ಹೆಸರು ಹಚ್ಚಿದ. ಊರು ನ್ಯಾಯಾಲಯಕ್ಕೆ ಹೋಗಿ ಸೋತಿತು. 2012ರಲ್ಲಿ ಊರವರು ಮೇಯರನೊಡನೆ ಹೋಗಿ, ರಸ್ತೆಯಲ್ಲಿದ್ದ ತಮ್ಮ ಊರಿನ ನಾಮಫಲಕವನ್ನೇ ಕಿತ್ತುಹಾಕಿ ಪ್ರತಿಭಟಿಸಿದರು. ‘ನಮ್ಮ ಹೆಸರೇ ನಮ್ಮದಲ್ಲವಾದರೆ ಫಲಕವೇಕೆ?’ ಎಂಬುದು ಅದರ ಅರ್ಥ.

ಹೆಸರನ್ನು ಭದ್ರಪಡಿಸಿಕೊಳ್ಳುವ ವಿದ್ಯೆಯಲ್ಲಿ ಗುರುಸ್ಥಾನ ರೊಕ್‌ಫೋರ್ ಎಂಬ ಸಣ್ಣ ಹಳ್ಳಿಯದು. ಕೊಂಬಾಲೂ ಎಂಬ ಗುಡ್ಡದ ಪಾರ್ಶ್ವ ಎಂದೋ ಕುಸಿದು, ಬಂಡೆಗಳ ನಡುವೆ ಗುಹೆಗಳೂ ಸೀಳುಗಳೂ ಉಂಟಾದವು. ಈ ಸೀಳುಗಳ ಮೂಲಕ ವರ್ಷವಿಡೀ ತಂಪಾದ ತೇವದ ಗಾಳಿ ಗುಹೆಗಳಲ್ಲಿ ಆಡುತ್ತದೆ. ಹೊರಗೆ ಬಿಸಿಲು ಸುಡುತ್ತಿದ್ದಾಗ ನಾವು ಒಳಗೆ ಶಾಲು ಹೊದ್ದು ನಿಂತೆವು. ಬ್ರೆಡ್ಡಿನಲ್ಲಿ ಬೂಷ್ಟು ಬೆಳೆಸಿ, ಅದನ್ನು ಕುರಿಹಾಲಿನ ಚೀಸಿನೊಳಗೆ ಸೇರಿಸಿ, ಗಾಳಿ ಹೋಗಲೆಂದು ಸೂಜಿಗಳಿಂದ ಚುಚ್ಚಿ ಇಲ್ಲಿಡುತ್ತಾರೆ. ಒಳಗೆ ನೀಲಿ ಹಸಿರು ನರಗಳು ಹಬ್ಬುತ್ತವೆ. ಮಾಡಿದಂದಿನಿಂದ ಕನಿಷ್ಠ 90 ದಿನ ಕಳೆಯದೆ ಅದನ್ನು ಮಾರುವಂತಿಲ್ಲ. ಹಾಲು ಲಕೋನ್ ಜಾತಿಯ ಕುರಿಯದೇ ಆಗಬೇಕು. 1411ರಲ್ಲಿ ಆರನೆಯ ಚಾರ್ಲ್ಸ್ ದೊರೆ ಈ ಚೀಸನ್ನು ಹದಗೊಳಿಸುವ ಹಕ್ಕನ್ನು ಈ ಊರವರಿಗೆ ಮಾತ್ರ ಬರೆದುಕೊಟ್ಟ. 1925ರ ಕಾನೂನು ಅದನ್ನು ಈ ಕಾಲದ ಭಾಷೆಯಲ್ಲಿ ಸ್ಥಿರಪಡಿಸಿತು. ಫ್ರಾನ್ಸಿನಲ್ಲಿ ಹಾಗೆ ಮಾನ್ಯತೆ ಪಡೆದ ಚೀಸುಗಳಲ್ಲಿ ಇದೇ ಮೊದಲನೆಯದು. ರುಚಿ ಹೇಗೆಂದರೆ, ಮೊದಲ ತುಣುಕಿಗೆ ಮುಖ ಕಿವುಚಿದೆ, ಎರಡನೆಯದಕ್ಕೆ ಸುಮ್ಮನಾದೆ, ಮೂರನೆಯದನ್ನು ಅಳಿಯನ ತಟ್ಟೆಯಿಂದ ತೆಗೆದುಕೊಂಡೆ.

ಇಂಥ ಹೆಸರಿಗಾಗಿ ಜನ ಜಗಳಕ್ಕೂ ಇಳಿಯುತ್ತಾರೆ. ಹಾರ್ಮೋನು ಚುಚ್ಚಿದ ಅಮೆರಿಕದ ಗೋಮಾಂಸವನ್ನು ಯೂರೋಪು ಬೇಡವೆಂದಾಗ, 1999ರಲ್ಲಿ ಅಮೆರಿಕ ರೊಕ್‌ಫೋರಿನ ಮೇಲೆ ನೂರಕ್ಕೆ ನೂರು ಸುಂಕ ಹೇರಿತು. ಆ ಆಗಸ್ಟಿನಲ್ಲಿ ಜೋಸೆ ಬೋವೆ ಎಂಬ ಕುರಿಗಾರ ತನ್ನ ಸಂಗಡಿಗರೊಡನೆ ನೆರೆಯ ಮಿಯೋ ಪಟ್ಟಣದಲ್ಲಿ ಕಟ್ಟಲಾಗುತ್ತಿದ್ದ ಮ್ಯಾಕ್‌ಡೊನಾಲ್ಡ್ಸ್ ಉಪಾಹಾರಗೃಹವನ್ನು ಹಾಡುಹಗಲಲ್ಲಿ ಬಿಚ್ಚಿಹಾಕಿ ಸೆರೆಮನೆಗೆ ಹೋದ. ಅದಕ್ಕೂ ಹಿಂದಿನ ಹೋರಾಟ ಇನ್ನೂ ದೊಡ್ಡದು. ರೊಕ್‌ಫೋರಿಗೆ ಹಾಲು ಕೊಡುವ ಲಾರ್ಜಾಕ್ ಬಯಲಿನಲ್ಲಿ ಸೈನ್ಯದ ಶಿಬಿರವನ್ನು ವಿಸ್ತರಿಸಲು ಸರಕಾರ 1971ರಲ್ಲಿ ನಿರ್ಧರಿಸಿತು. ಮರುವರ್ಷ ಗಾಂಧೀಜಿಯ ಶಿಷ್ಯ ಲಾಂಜಾ ದೆಲ್ ವಾಸ್ತೊ ಅಲ್ಲಿಗೆ ಬಂದು ಹದಿನೈದು ದಿನ ಉಪವಾಸ ಕುಳಿತ. ವಾರ್ಧಾದಲ್ಲಿ ಗಾಂಧೀಜಿಯಿಂದ ‘ಶಾಂತಿದಾಸ’ನೆಂದು ಹೆಸರು ಪಡೆದವ ಈತ. ಉಪವಾಸದ ಕೊನೆಗೆ 103 ಮಂದಿ ರೈತರು ಭೂಮಿ ಮಾರುವುದಿಲ್ಲವೆಂದು ಪ್ರತಿಜ್ಞೆ ಮಾಡಿದರು. ಅದೇ ವರ್ಷ ಅರುವತ್ತು ಕುರಿಗಳನ್ನು ಪ್ಯಾರಿಸ್ಸಿಗೆ ಒಯ್ದು ಐಫೆಲ್ ಗೋಪುರದ ಕೆಳಗೆ ಮೇಯಲು ಬಿಟ್ಟರು! ಹತ್ತು ವರ್ಷ ಯಾರ ಮೇಲೂ ಕೈಮಾಡದೆ ಹಟ ಹಿಡಿದರು. 1981ರಲ್ಲಿ ಮಿತ್ತೆರಾಂ ಅಧ್ಯಕ್ಷನಾದೊಡನೆ ಯೋಜನೆ ರದ್ದಾಯಿತು. ಇಂದು ಆ ಬಯಲಿನಲ್ಲಿ ಕುರಿಗಳು ಮೇಯುತ್ತಿವೆ.

ಹೀಗೆ ಹೆಸರು ಉಳಿಯಿತು, ಭೂಮಿಯೂ ಉಳಿಯಿತು; ಜನ? ಅವೆರೋನ್ ಸೀಮೆಯಲ್ಲಿ 1886ರಲ್ಲಿ ನಾಲ್ಕು ಲಕ್ಷಕ್ಕೂ ಮಿಕ್ಕ ಜನರಿದ್ದರು. ಇಂದು ಸುಮಾರು 2 ಲಕ್ಷ 80 ಸಾವಿರ. ಹೊಟ್ಟೆಪಾಡಿಗಾಗಿ ಪ್ಯಾರಿಸ್ಸಿಗೆ ಹೋದವರು ಮೊದಲು ನೀರು, ಇದ್ದಿಲು ಹೊತ್ತರು, ಅನಂತರ ಕಾಫಿ ಅಂಗಡಿಗಳನ್ನಿಟ್ಟರು. ಪ್ಯಾರಿಸ್ಸಿನ ಸಾಹಿತಿಗಳ ಅಡ್ಡೆಯಾಗಿದ್ದ ಪ್ರಸಿದ್ಧ ‘ಲಿಪ್’ ಭೋಜನಗೃಹವನ್ನು 1920ರಲ್ಲಿ ಕೊಂಡು ಬೆಳೆಸಿದವನು ಲಾಯೋಲ್ ಸೀಮೆಯವ. ಉಡುಪಿಯ ಹೋಟೆಲುಗಳನ್ನು ಬಲ್ಲ ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಉಳಿದವರನ್ನು ಯುದ್ಧ ಕೊಂಡೊಯ್ದಿತು. ನಾವು ಹೋದ ಒಂದೊಂದು ಊರಿನಲ್ಲೂ ಇಗರ್ಜಿಯ ಬಳಿ 1914–18ರಲ್ಲಿ ಸತ್ತವರ ಹೆಸರುಗಳ ಕಲ್ಲುಕಂಬ. ಒಂದೇ ಮನೆತನದ ಹೆಸರು ಎರಡು ಸಲ, ಮೂರು ಸಲ. ಒಬ್ರಾಕಿನ ಒಂದು ಕುಗ್ರಾಮದಲ್ಲಿ ಮನೆಯಾಕೆ ಆ ಹೆಸರುಗಳನ್ನು ಎಣಿಸಿದಳು, ಅನಂತರ ಹೊಗೆ ಬರುತ್ತಿದ್ದ ಮನೆಗಳನ್ನು ಎಣಿಸಿದಳು. ಹೆಸರುಗಳೇ ಹೆಚ್ಚಾಗಿದ್ದವು.

ಅಂಥ ಊರುಗಳಲ್ಲಿ ಮೊದಲು ಶಾಲೆ ಮುಚ್ಚುತ್ತದೆ, ಬಳಿಕ ಅಂಚೆಕಛೇರಿ, ಕಡೆಗೆ ಬೇಕರಿ. ಬೇಕರಿಯವನು ಮುಪ್ಪಾಗಿ ಒಲೆ ಆರಿಸಿದರೆ ಮೇಯರನಿಗೆ ನಿದ್ರೆಯಿಲ್ಲ. ಮನೆ ಕೊಡುತ್ತೇವೆ, ಬಾಡಿಗೆ ಕಡಿಮೆ ಮಾಡುತ್ತೇವೆ, ದಯವಿಟ್ಟು ಬನ್ನಿರೆಂದು ಜಾಹೀರಾತು ಹಾಕುವ ಮೇಯರುಗಳಿದ್ದಾರೆ. ಯಾರೂ ಬಾರದಿದ್ದಲ್ಲಿ ಚೌಕದಲ್ಲಿ ಬ್ರೆಡ್ಡಿನ ಯಂತ್ರ ಬಂದು ನಿಲ್ಲುತ್ತದೆ: ನಾಣ್ಯ ಹಾಕಿದರೆ ಬಗೆಟ್ ಬೀಳುತ್ತದೆ, ‘ಬೋಂಝೂರ್’ ಹೇಳುವ ಅಗತ್ಯವಿಲ್ಲ. ಇನ್ನು ಕೆಲವೆಡೆ ನೆರೆಯೂರಿನ ಬೇಕರಿಯ ವ್ಯಾನು ವಾರಕ್ಕೆ ಮೂರು ದಿನ ಬಂದು ಹಾರ್ನು ಬಾರಿಸುತ್ತದೆ. ಅದನ್ನು ಕೇಳಿದೊಡನೆ ಮುದುಕಿಯರು ಏಪ್ರನ್ ಸಮೇತ ಬಾಗಿಲಿಗೆ ಬರುತ್ತಾರೆ. ಬ್ರೆಡ್ಡು ಕೊಳ್ಳಲು ಎರಡು ನಿಮಿಷ, ವ್ಯಾನಿನವಳೊಡನೆ ಸೊಂಟನೋವಿನ ಸಮಾಚಾರಕ್ಕೆ ಹದಿನೈದು ನಿಮಿಷ. ಒಬ್ಬಾಕೆ ಬಾರದಿದ್ದರೆ ವ್ಯಾನಿನವಳೇ ಹೋಗಿ ಬಾಗಿಲು ತಟ್ಟಿದ್ದನ್ನು ನಾವು ಕಂಡೆವು.

ಹೋಗುವ ಉದ್ದೇಶವಿರುವ ವಾಚಕರಿಗೆ ಎರಡು ಮಾತು. ಸಾಧ್ಯವಾದರೆ ಮೇ ತಿಂಗಳ ಕೊನೆಗೆ ಹೋಗಿ, ದನಗಳ ಮೆರವಣಿಗೆ ನೋಡಲು ಸಿಕ್ಕೀತು. ಆಗಸ್ಟಿನಲ್ಲಾದರೆ ಸಂಜೆಯ ಸಂತೆಗಳುಂಟು, ಜನಜಂಗುಳಿಯೂ ಉಂಟು. ತಟ್ಟೆ ಲೋಟಗಳನ್ನು ಕಾರಿನಲ್ಲೇ ಇಟ್ಟುಕೊಳ್ಳಿ. ಸೋಮವಾರ ಅನೇಕ ಹಳ್ಳಿಗಳಲ್ಲಿ ಅಂಗಡಿ ತೆರೆಯುವುದಿಲ್ಲ. ಭಾನುವಾರ ಬೆಳಗ್ಗೆಯೇ ಎರಡು ದಿನದ ಬ್ರೆಡ್ಡು ಕೊಂಡಿಡುವುದು ಲೇಸು.